ಹದಿನೆಂಟು ಅರವತ್ತು

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ನಮ್ಮದು ಮೊದಲು ಎಸ್‌ಟಿಡಿ ಬೂತು, ಈಗ ಜೆರಾಕ್ಸ್ ಅಂಗಡಿ. ಆ ಬೂತಿನಲ್ಲಿ ಹದಿನಾರು ವರ್ಷ ಕೂತವಳು ನಾನು, ತೀರ್ಥಮ್ಮ. ತರೀಕೆರೆಗೆ 08261, ಕಡೂರಿಗೆ 08267 ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಮೀಟರ್ ಓಡುವುದನ್ನು ನೋಡಿ ನೋಡಿ ನನಗೊಂದು ಬುದ್ಧಿ ಅಂಟಿಕೊಂಡಿದೆ. ಯಾವ ನಂಬರನ್ನೂ ಸುಮ್ಮನೆ ನಂಬುವುದಿಲ್ಲ. ಮನುಷ್ಯರನ್ನೂ ಅಷ್ಟೇ ಅನ್ನಿ.

ಬೂತು ಹೋದರೂ ಜನ ಬರುವುದು ನಿಲ್ಲಲಿಲ್ಲ. ಕೈಯಲ್ಲಿ ಮೊಬೈಲು ಹಿಡಿದು, "ಅಕ್ಕಾ, ಈ ನಂಬರಿಂದ ಫೋನ್ ಬಂದೈತೆ, ಎತ್ಲಾ ಬ್ಯಾಡ್ವಾ?" ಎಂದು ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿ ಒಂದು ರಟ್ಟಿನ ಮೇಲೆ ಬರೆದು ಅಂಗಡಿಗೆ ನೇತುಹಾಕಿದೆ. 1800, ಬಿಟ್ಟಿ. 1860, ದುಡ್ಡು ಕೀಳುತ್ತೆ. 140, ಮಾರುವವರು, ಎತ್ತಬೇಡಿ. ನನ್ನ ಲೆಕ್ಕ ಸರಳ. ಸರ್ಕಾರದ್ದಾದರೆ ಬಿಟ್ಟಿ ಇರಬೇಕು, ದುಡ್ಡು ಕೇಳಿತೋ ಅದು ಕಳ್ಳರದ್ದು.

ಲಕ್ಷ್ಮಣಪ್ಪ ಇಲ್ಲೇ ಮೂರು ಕಿಲೋಮೀಟರ್ ಆಚೆಯ ಹಳ್ಳಿಯವನು. ಪಂಚಾಯ್ತಿಯ ವಾಟರ್‌ಮ್ಯಾನ್. ಸಕ್ಕರೆ ಕಾಯಿಲೆಯವನಿಗೆ ಕಾಲಿಗೆ ಜಾಲಿಮುಳ್ಳು ಚುಚ್ಚಿ, ಗಾಯ ಕೊಳೆತು, ಹೋದ ವರ್ಷ ಮೊಣಕಾಲಿನ ಕೆಳಗೆ ಕತ್ತರಿಸಿದರು. ಬೆಳಗ್ಗೆ ವಾಲ್ವ್ ತಿರುಗಿಸಿ ನೀರು ಬಿಡುವುದನ್ನು ಅವನ ಹೆಂಡತಿ ಹುಲಿಯಮ್ಮ ಮಾಡುತ್ತಿದ್ದಳು. ಆದರೆ ಟ್ಯಾಂಕ್ ಹತ್ತಿ ತೊಳೆಯುವುದು, ಬ್ಲೀಚಿಂಗ್ ಪುಡಿ ಹಾಕುವುದು ಯಾರು ಮಾಡಬೇಕು? ಯುಗಾದಿವರೆಗೆ ಕಾಯುತ್ತೇವೆ, ಅಷ್ಟರಲ್ಲಿ ಕೃತಕ ಕಾಲು ಹಾಕಿಸಿಕೊಂಡು ಬಂದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತೇವೆ ಎಂದು ಪಂಚಾಯ್ತಿಯವರು ಹೇಳಿಬಿಟ್ಟಿದ್ದರು. ಇಪ್ಪತ್ತೆರಡು ವರ್ಷದ ಕೆಲಸ ಆ ಕಾಲಿನ ಮೇಲೆ ನಿಂತಿತ್ತು.

ಸರ್ಕಾರ ತರೀಕೆರೆಯಲ್ಲಿ ನಡೆಸಿದ ಅಂಗವಿಕಲರ ಶಿಬಿರದಲ್ಲಿ ಅಳತೆ ತೆಗೆದುಕೊಂಡು ಒಂದು ಚೀಟಿ ಕೊಟ್ಟು ಕಳಿಸಿದ್ದರು. ಕಾಲು ಸಿದ್ಧವಾದ ಕೂಡಲೇ ಫೋನ್ ಬರುತ್ತದೆ, ಕಡೂರಿಗೆ ಬಂದು ಹಾಕಿಸಿಕೊಳ್ಳಬೇಕು, ವಿಚಾರಿಸುವುದಿದ್ದರೆ ಈ ಸಹಾಯವಾಣಿ ಎಂದು ಕೆಳಗೊಂದು ನಂಬರು. ಜನವರಿ ಕಳೆದರೂ ಸುದ್ದಿಯಿಲ್ಲ. ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು.

"ಅಕ್ಕಾರೇ, ಇದುಕ್ಕೆ ಮಾಡಿದ್ರೆ ಹೋಗ್ತಾನೇ ಇಲ್ಲ. ಬ್ಯಾಲೆನ್ಸ್ ಇಲ್ಲ ಅಂತಾಳೆ ಆಯಮ್ಮ. ಮೊನ್ನೆ ಇನ್ನೂ ಮುನ್ನೂರು ರೂಪಾಯಿ ಹಾಕ್ಸಿವ್ನಿ, ಎಲ್ಲಾ ಫೋನೂ ಫ್ರೀ ಅಂದಿದ್ರು" ಎಂದ ಲಕ್ಷ್ಮಣಪ್ಪ.

ಚೀಟಿ ನೋಡಿದೆ. ನಂಬರು 1860ರಿಂದ ಶುರುವಾಗಿತ್ತು. ಪ್ಯಾಕ್ ಹಾಕಿಸಿದರೆ ಮಾಮೂಲಿ ಫೋನು ಮಾತ್ರ ಫ್ರೀ, ಇದು ಮೇನ್ ಬ್ಯಾಲೆನ್ಸಿನಿಂದ ಬೇರೆ ಕತ್ತರಿಸುತ್ತದೆ ಎಂದು ಬಿಡಿಸಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಸರ್ಕಾರ ಕಾಲನ್ನೇ ಬಿಟ್ಟಿ ಕೊಡುವಾಗ ಫೋನಿಗೆ ಯಾಕೆ ದುಡ್ಡು ಕೇಳುತ್ತದೆ?

"ಇಪ್ಪತ್ತು ರೂಪಾಯಿ ಟಾಪಪ್ ಹಾಕ್ಸಿ ಒಂದ್ಸಲ ಮಾಡೇ ಬಿಡಾನ" ಎಂದಳು ಹುಲಿಯಮ್ಮ.

"ನಿಂಗೇನು ತಲೆ ಕೆಟ್ಟೈತೇನೇ?" ಎಂದು ರೇಗಿದೆ. "ಹಲೋ ಅನ್ನೋದ್ರೊಳ್ಗೆ ಒಂದನ್ನೊತ್ತಿ, ಎರಡನ್ನೊತ್ತಿ ಅಂತ ಅರ್ಧ ಗಂಟೆ ಕಾಯಿಸ್ತಾರೆ. ನಿನ್ ಇಪ್ಪತ್ತು ರೂಪಾಯಿ ನುಂಗಿ, ಕೊನೆಗೆ ಓಟಿಪಿ ಕೇಳ್ತಾರೆ. ಸರ್ಕಾರದೋರಿಗೆ ಬೇಕಾದ್ರೆ ಅವ್ರೇ ಮಾಡ್ತಾರೆ, ಸುಮ್ನಿರು."

ಅವಳು ಒಪ್ಪಿಕೊಂಡಳು. ಒಪ್ಪದೆ ಏನು ಮಾಡುತ್ತಾಳೆ? ಎರಡು ವರ್ಷದ ಹಿಂದೆ ಯಾವನೋ ಪಿಂಚಣಿ ಕೊಡಿಸುತ್ತೇನೆ ಅಂತ ಅವಳ ಮೈದುನನಿಗೆ ಫೋನ್ ಮಾಡಿದ್ದ, ಅವನು ಇನ್ನೇನು ಓಟಿಪಿ ಹೇಳುವ ಹೊತ್ತಿಗೆ ನಾನೇ ಮೊಬೈಲ್ ಕಿತ್ತುಕೊಂಡು ಉಳಿಸಿದ್ದೆ. ಅವತ್ತಿನಿಂದ ನನ್ನ ಮಾತೆಂದರೆ ಆ ಮನೆಯಲ್ಲಿ ವೇದವಾಕ್ಯ. ಆ ಚೀಟಿಯದ್ದೊಂದು ಜೆರಾಕ್ಸ್ ತೆಗೆದು ನನ್ನ ಹತ್ತಿರವೂ ಇಟ್ಟುಕೊಂಡು ಅವರನ್ನು ಕಳಿಸಿದೆ.

ವಾರ ಕಳೆದು ಲಕ್ಷ್ಮಣಪ್ಪ ಊರುಗೋಲು ಊರಿಕೊಂಡು ಮತ್ತೆ ಬಂದ. ಯಾವುದೋ ನಂಬರಿನಿಂದ ಎರಡು ಸಲ ಫೋನ್ ಬಂದಿತ್ತಂತೆ. ಗೊತ್ತಿಲ್ಲದ ನಂಬರು ಎತ್ತಬಾರದೆಂದು ನಾನೇ ಕಲಿಸಿದ್ದೆನಲ್ಲ, ಎತ್ತಿರಲಿಲ್ಲ. ನೋಡಿದೆ, 1600 ಎಂದು ಶುರು. ಇಷ್ಟು ವರ್ಷದಲ್ಲಿ ನಾನು ಕಾಣದ ನಂಬರು. 140 ಗೊತ್ತು, ಇದು ಅದರ ತಮ್ಮನೇ ಇರಬೇಕು, ಕಳ್ಳರು ಹೊಸ ವೇಷ ಹಾಕಿಕೊಂಡು ಬಂದಿದ್ದಾರೆ ಎಂದುಕೊಂಡೆ.

"ಕಾಲಿಂದೇನಾದ್ರೂ ಆಗಿರ್ಬೌದಾ ಅಕ್ಕಾರೇ?" ಎಂದ ಅವನು, ಮೆಲ್ಲಗೆ.

"ಕಾಲಿಂದಾದ್ರೆ ಚೀಟಿನಾಗಿರೋ ನಂಬರಿಂದ ಬರಲ್ವೇನೋ? ಇದೇ ಬೇರೆ ನಂಬರು. ನಿನ್ ಕಾಲಿನ ವಿಷ್ಯ ಯಾರೋ ಮಾರ್ಕಂಡವ್ರೆ ಕಣೋ" ಎಂದೆ. ಅಲ್ಲೇ ಆ ನಂಬರನ್ನು ಬ್ಲಾಕ್ ಮಾಡಿ ಮೊಬೈಲನ್ನು ಅವನ ಜೇಬಿಗೆ ಹಾಕಿದೆ. ಮರೆಯುವ ಮುಂಚೆ ರಟ್ಟಿನ ಮೇಲೆ 140ರ ಪಕ್ಕದಲ್ಲೇ 160 ಎಂದೂ ಸೇರಿಸಿದೆ. ನನ್ನ ಚುರುಕುತನಕ್ಕೆ ನಾನೇ ಖುಷಿಪಟ್ಟೆ. ಇವತ್ತು ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ಶಿವರಾತ್ರಿ ಕಳೆದ ಮೇಲಿನ ಭಾನುವಾರ ನನ್ನ ಅಣ್ಣನ ಮಗಳು ಕೋಮಲಾ ಬಂದಳು. ತರೀಕೆರೆಯಲ್ಲಿ ಬ್ಯಾಂಕಿನ ಕೆಲಸ. ಅಂಗಡಿಯೊಳಗೆ ಕಾಲಿಟ್ಟವಳೇ ರಟ್ಟು ನೋಡಿ ನಕ್ಕಳು.

"ಅತ್ತೆ, 160 ಯಾಕೆ ಬರ್ದಿದೀಯಾ? ಅದು ಸರಿಯಾದ ನಂಬರು ಕಣತ್ತೆ. ಬ್ಯಾಂಕಿನೋರು, ಸರ್ಕಾರದೋರು ಜನಕ್ಕೆ ಫೋನ್ ಮಾಡೋಕೆ ಅಂತ್ಲೇ ಕೊಟ್ಟಿರೋದು. ಕಳ್ಳರು ಯಾರು, ಅಸಲಿ ಯಾರು ಅಂತ ಗೊತ್ತಾಗ್ಲಿ ಅಂತ."

ನಾನು ಒಪ್ಪಲಿಲ್ಲ. ನಿಮ್ಮ ಬ್ಯಾಂಕಿನವರೇ ಎಷ್ಟು ಸಾಚಾ ಎಂದು ಜಗಳ ತೆಗೆದೆ. "ಮತ್ತೆ 1860? ಸರ್ಕಾರದ ಕೆಲ್ಸಕ್ಕೆ ದುಡ್ಡು ಯಾಕೆ?" ಎಂದು ಕೇಳಿದೆ. ಅವಳು ಬೇಸರ ಮಾಡಿಕೊಳ್ಳದೆ ಹೇಳಿದಳು. 1800 ಆದರೆ ಫೋನಿನ ಖರ್ಚು ಅವರದ್ದು, 1860 ಆದರೆ ಮಾಡುವವರದ್ದು, ವ್ಯತ್ಯಾಸ ಇರುವುದು ಅಷ್ಟೇ, ದುಡ್ಡು ಹಿಡಿದ ಮಾತ್ರಕ್ಕೆ ಮೋಸ ಅಂತಲ್ಲ, ಬಿಟ್ಟಿ ಎಂದ ಮಾತ್ರಕ್ಕೆ ಸಾಚಾ ಅಂತಲೂ ಅಲ್ಲ. ಅವಳ ಮೊಬೈಲಿನಲ್ಲಿ ಅವಳದೇ ಬ್ಯಾಂಕಿನಿಂದ ಬಂದ 1600ರ ಫೋನನ್ನೂ ತೋರಿಸಿದಳು. ನನಗೆ ಲಕ್ಷ್ಮಣಪ್ಪನ ಮುಖ ಕಣ್ಣಿಗೆ ಕಟ್ಟಿತು.

ಸೋಮವಾರ ಹತ್ತು ಗಂಟೆಗೆ ಜೆರಾಕ್ಸ್ ಪ್ರತಿ ಹುಡುಕಿ, ನನ್ನ ಮೊಬೈಲಿಗೆ ಟಾಪಪ್ ಹಾಕಿಸಿ, 1860ಕ್ಕೆ ಫೋನ್ ಮಾಡಿದೆ. ಕನ್ನಡಕ್ಕೆ ಒಂದನ್ನು ಒತ್ತಿದೆ, ಎರಡನ್ನು ಒತ್ತಿದೆ, ಸಂಗೀತ ಕೇಳಿದೆ. ಕೊನೆಗೊಂದು ಹುಡುಗಿ ಸಿಕ್ಕಿದಳು. ಆಗಲೂ ನನ್ನ ಬುದ್ಧಿ ಬಿಡಲಿಲ್ಲ. ನಿನ್ನ ಹೆಸರೇನು, ಎಲ್ಲಿ ಕೂತಿದ್ದೀಯ, ನಿನ್ನ ಮೇಲಿನವರು ಯಾರು ಎಂದು ಪೊಲೀಸರ ಹಾಗೆ ಕೇಳಿದೆ. ಪಾಪ, ಎಲ್ಲಕ್ಕೂ ಉತ್ತರ ಕೊಟ್ಟಳು. ಓಟಿಪಿ ಕೇಳಲಿಲ್ಲ, ಖಾತೆ ನಂಬರ್ ಕೇಳಲಿಲ್ಲ. ಚೀಟಿಯ ನಂಬರ್ ಮಾತ್ರ ಕೇಳಿದಳು.

"ಮೇಡಂ, ಲಕ್ಷ್ಮಣಪ್ಪ ಅವರಿಗೆ ಕಚೇರಿಯಿಂದ ಐದು ಸಲ ಕರೆ ಹೋಗಿದೆ. ಸ್ವೀಕರಿಸಿಲ್ಲ. ಕಡೂರಿನಲ್ಲಿ ಹನ್ನೆರಡನೇ ತಾರೀಕು ವಿತರಣೆ ಮುಗಿಯಿತು. ಬರದೇ ಇದ್ದವರ ಕಾಲು ವಾಪಸ್ ಹೋಗುತ್ತೆ, ಅರ್ಜಿ ರದ್ದಾಗುತ್ತೆ. ಇನ್ನು ಹೊಸದಾಗಿ ಅಳತೆ ಕೊಡಬೇಕು. ಮುಂದಿನ ಶಿಬಿರ ಆಗಸ್ಟ್‌ನಲ್ಲಿ."

"ಯುಗಾದಿಗೆ ಮುಂಚೆ ಏನೂ ಆಗಲ್ವೇನಮ್ಮಾ?" ಎಂದು ಗೋಗರೆದೆ. ಆಗುವುದಿಲ್ಲ ಎಂದಳು. ಕ್ಷಮಿಸಿ ಎಂದೂ ಅಂದಳು, ತಪ್ಪು ಅವಳದ್ದೇ ಎನ್ನುವ ಹಾಗೆ.

ಅಂಗಡಿ ಬಾಗಿಲು ಎಳೆದು ಆಟೋ ಹತ್ತಿದೆ. ದಾರಿಯುದ್ದಕ್ಕೂ ಒಂದು ಕೆಟ್ಟ ಯೋಚನೆ. ಸರ್ಕಾರದವರು ಫೋನೇ ಮಾಡಲಿಲ್ಲವಂತೆ ಎಂದು ಹೇಳಿಬಿಟ್ಟರೆ? ಸರ್ಕಾರದ ಮೇಲೆ ಹಾಕಿದ ತಪ್ಪನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಲಕ್ಷ್ಮಣಪ್ಪನಂತೂ ನಾನು ಹಗಲನ್ನು ರಾತ್ರಿ ಎಂದರೂ ಒಪ್ಪುತ್ತಾನೆ. ಆಟೋ ಅವರ ಮನೆ ಮುಂದೆ ನಿಲ್ಲುವವರೆಗೂ ಆ ಸುಳ್ಳು ನಾಲಿಗೆಯ ತುದಿಯಲ್ಲಿತ್ತು.

ಹುಲಿಯಮ್ಮ ಆಗ ತಾನೇ ನೀರು ಬಿಟ್ಟು ಬಂದು, ಒದ್ದೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ಗೋಡೆಯ ಮೇಲಿನ ಬುದ್ಧ, ಅಂಬೇಡ್ಕರರ ಪಟಗಳ ಕೆಳಗೆ ಲಕ್ಷ್ಮಣಪ್ಪ ಕೂತಿದ್ದ. ನನ್ನನ್ನು ನೋಡಿ ಮುಖ ಅರಳಿಸಿದ. "ಏನ್ ಅಕ್ಕಾರೇ, ಫೋನ್ ಬಂತಾ?"

ಆ ಮುಖ ನೋಡಿ ಸುಳ್ಳು ಹೇಳಲು ಆಗಲಿಲ್ಲ. ಎಲ್ಲವನ್ನೂ ಹೇಳಿದೆ. ಕಾಯುವ ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ಕಣಪ್ಪಾ, ತಪ್ಪು ನನ್ನದೇ ಎಂದೆ. ಪಂಚಾಯ್ತಿಗೆ ನಾನೇ ಬಂದು ಕೈಮುಗಿದು ಕೇಳುತ್ತೇನೆ ಎಂದೆ.

ಅವನು ತುಂಡುಗಾಲನ್ನು ನೀವಿಕೊಂಡ. "ಯುಗಾದಿ ಆದ್ಮೇಲೆ ಹಾಕ್ಕಳಾಕೆ ಅಂತ ಪಂಚಾಯ್ತಿನೋರು ಮೊನ್ನೆನೇ ಬೇರೆಯೋರ ಅರ್ಜಿ ಈಸ್ಕಂಡ್ರಂತೆ. ಬಿಡಿ ಅಕ್ಕಾರೇ, ನಮ್ ಗ್ರಾಚಾರ. ನೀವು ಒಳ್ಳೇದುಕ್ಕೇ ಹೇಳಿದ್ರಿ" ಎಂದ.

ಹುಲಿಯಮ್ಮ ಹಾಗೆ ಹೇಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಇವತ್ತು ಮಾಡಿದ್ರಲ್ಲ, ಆ ಫೋನಿಗೆ ಎಷ್ಟಾಯ್ತು?"

"ಅದನ್ಯಾಕೆ ಕೇಳ್ತೀಯಾ, ನಾನೇ ಹಾಕಿದೀನಿ..."

"ಎಷ್ಟಾಯ್ತು ಹೇಳ್ರಿ."

"ಹನ್ನೊಂದು ರೂಪಾಯಿ" ಎಂದೆ.

"ಹನ್ನೊಂದು ರೂಪಾಯಿ" ಎಂದು ಅವಳು ಗಂಡನ ಕಡೆ ತಿರುಗಿ ಇನ್ನೊಂದು ಸಲ ಹೇಳಿದಳು. ಒಳಗೆ ಹೋದಳು, ಡಬ್ಬಿ ಅಲುಗಾಡಿಸುವ ಸದ್ದಾಯಿತು. ಒಂದು ಹತ್ತರ ನೋಟು, ಒಂದು ರೂಪಾಯಿಯ ನಾಣ್ಯ ತಂದು ನನ್ನ ಕೈಗೆ ಹಿಡಿಸಿದಳು.

"ಬ್ಯಾಡ ಕಣೇ ಹುಲಿಯಮ್ಮಾ" ಎಂದು ಕೈ ಹಿಂದಕ್ಕೆ ಎಳೆದುಕೊಂಡೆ. ಅವಳು ಬಿಡಲಿಲ್ಲ, ನನ್ನ ಬೆರಳುಗಳನ್ನು ತಾನೇ ಮಡಿಚಿದಳು.

"ನಿಮ್ದು ಬಿಟ್ಟಿ ಮಾತು ನಮ್ಗೆ ದುಬಾರಿ ಬಿತ್ತು ಅಕ್ಕಾರೇ. ಇಟ್ಕಳ್ರಿ" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಟೋದವನು ಹಾರನ್ ಹೊಡೆದ. ನಾನು ಹನ್ನೊಂದು ರೂಪಾಯಿಯನ್ನು ಹಿಡಿದುಕೊಂಡು ಹೊರಗೆ ಬಂದೆ.