ಬಾಗಿಲಿಗೆ ಒತ್ತಿಟ್ಟ ಫ್ಲೈವೀಲ್

ಹಿತ್ತಲ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒತ್ತಿಟ್ಟಿದ್ದ ಕಬ್ಬಿಣದ ಚಕ್ರವನ್ನು ಎರಡು ವರ್ಷ ಎಡವಿದ್ದೇನೆ. ಒಂಬತ್ತು ಕೆ.ಜಿ. ತೂಕ. ನೆಲ ಒರೆಸುವಾಗೆಲ್ಲ ಅದನ್ನು ಸರಿಸಿ, ಮತ್ತೆ ಅಲ್ಲೇ ಇಟ್ಟು, ಬೈದುಕೊಂಡಿದ್ದೇನೆ. ಅದು ನಮ್ಮ ಕಾರಿನದೇ ಫ್ಲೈವೀಲ್, ಎಂಜಿನ್ ಜೊತೆ ತಿರುಗುವ ಚಕ್ರ ಎಂದು ಗೊತ್ತಿತ್ತು. ಅದನ್ನು ಬಿಚ್ಚಿ ಹಗುರದ್ದು ಹಾಕಿದವರು ನಮ್ಮ ಯಜಮಾನರು. ಕಾರು ರಿಪೇರಿ ಅವರ ಕಸುಬು, ವರ್ಷಕ್ಕೆರಡು ಸಲ ಗುಡ್ಡ ಹತ್ತಿಸುವ ರೇಸು ಅವರ ಹುಚ್ಚು. ಭಾರದ್ದೇ ಇರಲೋ, ಹಗುರದ್ದು ಹಾಕಿ ಎಂಜಿನ್ ಚುರುಕು ಮಾಡಲೋ ಎಂದು ಆಗ ವಾರವಿಡೀ ಊಟಕ್ಕೆ ಕೂತಾಗ ಅದೇ ಮಾತು. ನಾನು ಹೂಂಗುಟ್ಟಿದ್ದೆ. ಅದು ನನಗೂ ಸಂಬಂಧಪಟ್ಟ ವಿಷಯ ಎಂದು ಯಾರು ಕಂಡಿದ್ದರು?

ನಾನು ನರ್ಸ್. ಹದಿನಾಲ್ಕು ವರ್ಷ ವಾರ್ಡಿನಲ್ಲಿ ನಿಂತು ನಿಂತು ಮಂಡಿ ಸವೆದಿವೆ. ಈ ವರ್ಷ ಆಸ್ಪತ್ರೆಯಲ್ಲಿ ಹೊಸ ಹುದ್ದೆ ಬಂತು. ಹಾಸಿಗೆ ಹಿಡಿದವರ ಮನೆಗೇ ಹೋಗಿ ನೋಡಿಕೊಳ್ಳುವುದು. ಕಾರು ಅವರೇ ಕೊಡುತ್ತಾರೆ, ಲೈಸೆನ್ಸ್ ಮಾತ್ರ ನಾವು ತರಬೇಕು. ಮೇಟ್ರನ್ ನನಗಾಗಿ ಆರು ತಿಂಗಳು ಆ ಹುದ್ದೆಯನ್ನು ಕಾದಿಟ್ಟರು.

ಯಜಮಾನರೇ ಕಲಿಸಿದರು. ಕ್ಲಚ್ ಬಿಡುತ್ತಿದ್ದಂತೆ ಕಾರು ಮುಗ್ಗರಿಸಿ ಆಫ್. ಮತ್ತೆ ಕೀ ತಿರುಗಿಸಿದರೆ ಮತ್ತೆ ಆಫ್. ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇರುತ್ತಿದ್ದರು.

"ಕಾರಲ್ಲೇ ಏನಾದ್ರೂ ತೊಂದರೆ ಇದ್ಯಾ, ನೋಡ್ರಿ," ಎಂದೆ ಒಂದು ದಿನ.

"ಕಾರು ಸರಿಯಾಗೇ ಇದೆ. ನಿನ್ನ ಕಾಲಿಗೇ ಬುದ್ಧಿ ಇಲ್ಲ."

ನೆಂಟರು ಬಂದಾಗಲೂ ಇದನ್ನೇ ಹೇಳಿ ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ. ಈಗ ಹೆಚ್ಚು ಉರಿಸುವುದು ಅದೇ.

ಪರೀಕ್ಷೆಗೂ ಅದೇ ಕಾರು. ಮೂರು ಸಲವೂ ಅದೇ ಏರಿನಲ್ಲಿ ನಿಂತುಹೋಯಿತು. ಮೂರನೆಯ ಸಲ ಇನ್‌ಸ್ಪೆಕ್ಟರು ಕಾಗದದಿಂದ ತಲೆ ಕೂಡ ಎತ್ತಲಿಲ್ಲ. ಮರುದಿನ ಮೇಟ್ರನ್‌ಗೆ ಬರೆದುಕೊಟ್ಟೆ, ಕಾರು ಓಡಿಸುವುದು ನನ್ನಿಂದಾಗದು, ಹುದ್ದೆಯನ್ನು ಬೇರೆಯವರಿಗೆ ಕೊಡಿ ಎಂದು. ಸಂಜೆಯೊಳಗೆ ಕೊಟ್ಟುಬಿಟ್ಟರು.

ಆ ಭಾನುವಾರ ಮೈದುನ ಬಂದ. ಲೇತ್ ಕೆಲಸದವನು, ಮಾತು ಕಡಿಮೆ. ಕೈ ತೊಳೆಯಲು ಹಿತ್ತಲಿಗೆ ಹೋದವನು ಚಕ್ರದ ಮುಂದೆ ನಿಂತುಬಿಟ್ಟ.

"ಅತ್ತಿಗೆ, ಇದಿನ್ನೂ ಇಲ್ಲೇ ಇದ್ಯಲ್ಲ. ನೀವು ಯಾವ ಕಾರಲ್ಲಿ ಕಲಿತಿದ್ರಿ?"

"ಇರೋದೊಂದೇ ಕಾರಲ್ವೇನೋ."

ಅವನ ಮುಖ ಸಪ್ಪಗಾಯಿತು. "ಹಗುರದ್ದನ್ನ ಕಡೆದು ಕೊಟ್ಟವನು ನಾನೇ. ಭಾರದ್ದಿದ್ರೆ, ಕ್ಲಚ್ ಬಿಡೋದು ಸ್ವಲ್ಪ ಹೆಚ್ಚುಕಡಿಮೆ ಆದ್ರೂ ಅದು ತಿರುಗೋ ರಭಸಕ್ಕೇ ಕಾರು ಮುಂದೆ ಹೋಗುತ್ತೆ. ಹಗುರದ್ದು ತಟ್ಟಂತ ನಿಂತುಬಿಡುತ್ತೆ. ಅತ್ತಿಗೆ ಕಲಿಯೋವರೆಗೂ ಭಾರದ್ದೇ ಹಾಕು ಅಂತ ಅಣ್ಣಂಗೆ ಹೇಳಿದ್ದೆ. ಹೂಂ ಅಂದಿದ್ದ."

ಪೇಪರ್ ಓದುತ್ತಿದ್ದ ಯಜಮಾನರನ್ನು ನೋಡಿದೆ.

"ಅದಕ್ಕೆ ಗೇರ್‌ಬಾಕ್ಸ್ ಇಳಿಸ್ಬೇಕು, ಒಂದು ದಿನದ ಕೆಲಸ," ಎಂದರು. "ರೇಸ್ ಬೇರೆ ಹತ್ರ ಇತ್ತು. ಇದ್ರಲ್ಲೇ ಕಲಿತ್ರೆ ಯಾವ ಕಾರಾದ್ರೂ ಓಡಿಸ್ತಾಳೆ ಅಂದ್ಕೊಂಡೆ."

"ಗೊತ್ತಿದ್ದೂ ನನ್ನ ಕಾಲಿಗೆ ಬುದ್ಧಿ ಇಲ್ಲ ಅಂದ್ರಾ?"

ಅವರು ಪೇಪರಿನ ಹಾಳೆ ಮಗುಚಿದರು. ಒಂದು ದಿನದ ಕೆಲಸವಂತೆ. ನನ್ನ ಆರು ತಿಂಗಳಿಗೆ ಅಷ್ಟೂ ಬೆಲೆ ಇರಲಿಲ್ಲ.

ಮೈದುನ ಚಕ್ರ ಎತ್ತಿಕೊಂಡು ಹೋಗಿ, ತುಕ್ಕು ತೆಗೆದು, ಮುಂದಿನ ಭಾನುವಾರ ತಾನೇ ಗೇರ್‌ಬಾಕ್ಸ್ ಇಳಿಸಿ ಹಾಕಿಕೊಟ್ಟ. ಅಣ್ಣನನ್ನು ಕೇಳಲೂ ಇಲ್ಲ. ಸಂಜೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೀದಿಯ ಕೊನೆಯ ಏರಿಗೆ ಹೋದೆ. ಕ್ಲಚ್ ಬಿಟ್ಟೆ. ಕಾರು ಸದ್ದಿಲ್ಲದೆ ಹತ್ತಿತು. ನಡುವೆ ನಿಲ್ಲಿಸಿ ಮತ್ತೆ ಬಿಟ್ಟೆ. ಹೀಗೆ ಏಳು ಸಲ, ಒಮ್ಮೆಯೂ ಆಫ್ ಆಗಲಿಲ್ಲ. ಮೈದುನ ಹಿಗ್ಗಿದ. ನನಗೆ ಸಿಟ್ಟಿನಿಂದ ಕಣ್ಣು ತುಂಬಿ ದಾರಿಯೇ ಮಂಜಾಯಿತು.

ಮನೆಯ ಮುಂದೆ ಯಜಮಾನರು ಕೈಕಟ್ಟಿ ನಿಂತಿದ್ದರು.

"ಅಂತೂ ಕಲಿತ್ಯಲ್ಲ," ಎಂದರು. "ನಾನು ಕಲಿಸಿದ್ದು ದಂಡ ಆಗ್ಲಿಲ್ಲ."

ಕೀ ಅವರ ಕೈಗೆ ಕೊಡದೆ ಒಳಗೆ ಹೋದೆ. ಹಿತ್ತಲ ಬಾಗಿಲು ಬಡಿದುಕೊಳ್ಳುತ್ತಿತ್ತು. ಬಡಿದುಕೊಳ್ಳಲಿ ಎಂದು ಬಿಟ್ಟೆ. ಲೈಸೆನ್ಸ್ ಇನ್ನು ಸಿಕ್ಕೇ ಸಿಗುತ್ತದೆ. ಆದರೆ ನನ್ನಿಂದಾಗದು ಎಂಬ ಮಾತು ಮೇಟ್ರನ್ ಫೈಲಿನಲ್ಲಿದೆ, ನನ್ನದೇ ಕೈಬರಹದಲ್ಲಿ.