‘ಇಲ್ಲ’ ಎಂಬ ಖಾನೆ

ಹತ್ತಿಕುಣಿ ಕೆರೆಯ ದಂಡೆಯ ಮೇಲಿದ್ದ ಆ ಜಲಕ್ರೀಡಾ ಶಾಲೆಗೆ ಯಾರೇ ಬರಬೇಕಾದರೂ ಆರು ವರ್ಷಗಳ ಕಾಲ ಲಾಲಮ್ಮನಿಗೇ ಫೋನ್ ಮಾಡಬೇಕಿತ್ತು. ಕಯಾಕ್ ಎಂಬ ಒಬ್ಬರೇ ಕೂರುವ ಕಿರುದೋಣಿ ನಡೆಸುವುದನ್ನು ಕಲಿಸುವವಳೂ ಅವಳೇ, ದಿನ ಗೊತ್ತು ಮಾಡುವವಳೂ ಅವಳೇ. ಯಾರು ಕೇಳಿದರೂ ಮೊದಲು ಅವಳದೇ ಪ್ರಶ್ನೆಗಳು: “ವಯಸ್ಸೆಷ್ಟರಿ? ಈಜು ಬರ್ತದೇನು? ದಮ್ಮು, ಫಿಟ್ಸ್, ಎದಿನೋವು ಏನರ ಅದೇನು?” ಉತ್ತರಕ್ಕಿಂತ ಹೆಚ್ಚಾಗಿ, ಉತ್ತರ ಬರುವ ಮೊದಲಿನ ಮೌನಕ್ಕೆ ಅವಳು ಕಿವಿಗೊಡುತ್ತಿದ್ದಳು. ಆ ಮೌನ ಸ್ವಲ್ಪ ಉದ್ದವಾದರೂ “ಬ್ಯಾಡ್ರಿ, ನೀವು ದಂಡಿ ಮ್ಯಾಲೆ ಕುಂತು ನೋಡ್ರಿ” ಅನ್ನುತ್ತಿದ್ದಳು. ಆರು ವರ್ಷದಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ.

ಆದರೆ ಅವಳು ನೀರಿನಲ್ಲಿದ್ದಾಗ ಫೋನ್ ಎತ್ತುವವರು ಇರಲಿಲ್ಲ. ಸುರಪುರದ ಕಾಲೇಜೊಂದು ಎರಡು ದಿನ ಫೋನ್ ಹಚ್ಚಿ ಹಚ್ಚಿ ಸಾಕಾಗಿ, ಹುಡುಗರನ್ನು ಬೇರೆಲ್ಲಿಗೋ ಕರೆದುಕೊಂಡು ಹೋಯಿತು. ಆ ಸುದ್ದಿ ಕೇಳಿದ ಮೇಲೆ ಚಂದ್ರಾಮಪ್ಪ ಮಾಸ್ತರರು ಸುಮ್ಮನಿರಲಿಲ್ಲ. ಶಹಾಪುರದಲ್ಲಿ ದೈಹಿಕ ಶಿಕ್ಷಕರಾಗಿ ನಿವೃತ್ತರಾದ ಮೇಲೆ ಈ ಶಾಲೆ ಕಟ್ಟಿದವರು ಅವರು. ಯಾದಗಿರಿಯಲ್ಲಿ ಕಂಪ್ಯೂಟರ್ ಕಲಿಸುವ ರತ್ನಾಬಾಯಿಗೆ ಹೇಳಿ ಆನ್‌ಲೈನ್ ಬುಕಿಂಗಿನ ಪುಟ ಮಾಡಿಸಿದರು. ಡಿಸೆಂಬರ್ ಒಂದರಿಂದ ಫೋನಿನ ಬುಕಿಂಗ್ ಬಂದ್ ಎಂದು ಗೇಟಿಗೆ ಬೋರ್ಡು ಹಾಕಿಸಿದರು.

ಪುಟವನ್ನು ಪ್ರಯೋಗಕ್ಕೆ ಬಿಟ್ಟಾಗ ಒಂದು ತೊಂದರೆ ಕಂಡಿತು. ಕಾಯಿಲೆಯ ಪ್ರಶ್ನೆಗಳಿಗೆ ಬಂದ ಕೂಡಲೇ ಎಷ್ಟೋ ಜನ ಫಾರ್ಮನ್ನು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. ಅದಕ್ಕೆ ರತ್ನಾಬಾಯಿ ‘ಇಲ್ಲ’ ಎಂಬ ಖಾನೆಗಳಿಗೆಲ್ಲ ಮೊದಲೇ ಗುರುತು ಹಾಕಿಟ್ಟಳು. ಕಾಯಿಲೆ ಇದ್ದವರು ‘ಹೌದು’ ಎಂದು ಬದಲಿಸಿಕೊಳ್ಳಬೇಕು, ಅಷ್ಟೇ.

“ಇದು ಬರೋಬ್ಬರಿ ಅಲ್ರಿ ಮಾಸ್ತರ. ಓದಲಾರ್ದನ ಮುಂದ ಹೋಗ್ತಾರ್ರಿ ಜನ” ಎಂದಳು ಲಾಲಮ್ಮ.

“ಇದ್ದೋರು ಬದ್ಲಿ ಮಾಡ್ತಾರ ಬಿಡು. ತಮ್ಮ ಜೀವದ ಖಬರು ತಮಗಿರಲ್ಲೇನು?”

“ಇದ್ದಿದ್ರ ನಾ ಇಷ್ಟು ಕೇಳ್ತಿದ್ದಿಲ್ರಿ.”

“ಲಾಲಮ್ಮ, ನಿನ್ನ ಫೋನಿನ ಸಲುವಾಗಿ ಶಾಲಿ ಬಾಗಿಲು ಹಾಕೋ ಹೊತ್ತು ಬಂದದ. ಈಗ ಸುಮ್ನಿರು.”

ಅವಳು ಎದ್ದು ಕಯಾಕ್ ತೊಳೆಯಲು ದಂಡೆಗೆ ಹೋದಳು.

ಎರಡನೇ ಭಾನುವಾರ ಮೂರು ತಂಡಗಳೂ ಭರ್ತಿಯಾದವು. ಹಾಗೆ ಹಿಂದೆಂದೂ ಆಗಿರಲಿಲ್ಲ. ಕಾಲುವೆಗೆ ನೀರು ಬಿಟ್ಟಿದ್ದರೂ ಕೆರೆ ಇನ್ನೂ ತುಂಬಿಯೇ ಇತ್ತು. ಬೆಳಗಿನಿಂದಲೇ ಮೂಡಣದ ಗಾಳಿ ಎದ್ದಿತ್ತು. ಮೊದಲ ತಂಡ ದಂಡೆಗೆ ಬರುವುದು ಹತ್ತು ನಿಮಿಷ ತಡವಾಯಿತು. ಎರಡನೆಯ ತಂಡದ ಹತ್ತು ಮಂದಿ ಲೈಫ್ ಜಾಕೆಟ್ ತೊಟ್ಟು ನಿಂತಿದ್ದರು. ಮೂರನೆಯ ತಂಡದವರು ಆಗಲೇ ಗೇಟಿನ ಹತ್ತಿರ ಬಂದು, ಮೊಬೈಲಿನಲ್ಲಿದ್ದ ಸಮಯವನ್ನು ಮಾಸ್ತರರಿಗೆ ತೋರಿಸಿ ಜೋರು ಮಾಡುತ್ತಿದ್ದರು.

ಲಾಲಮ್ಮ ಹೆಸರು ಕೂಗಿದಳು. “ಮೋನಮ್ಮ, ದೋರನಹಳ್ಳಿ.”

“ಹಾಂ, ನಾನ್ರಿ.”

ಇಪ್ಪತ್ತೆರಡರ ಹುಡುಗಿ, ಒಬ್ಬಳೇ ಬಂದಿದ್ದಳು. ಜಾಕೆಟ್ಟಿನ ಪಟ್ಟಿಗಳನ್ನೆಲ್ಲ ಯಾರೂ ಹೇಳದೆಯೇ ಬಿಗಿದುಕೊಂಡಿದ್ದಳು. ಈ ದನಿಯನ್ನು ಎಲ್ಲಿಯೋ ಕೇಳಿದ್ದೇನೆ ಎನ್ನಿಸಿ ಲಾಲಮ್ಮ ಅವಳ ಮುಖ ನೋಡಿದಳು. ಮುಖದ ಗುರುತು ಹತ್ತಲಿಲ್ಲ. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪಿತ್ತು.

“ಹುಷಾರಿದ್ದೀ ಅಲ್ಲ?”

“ಹುಷಾರಿದ್ದೀನ್ರಿ ಅಕ್ಕಾ.”

ಇನ್ನೊಂದು ಮಾತು ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಗೇಟಿನಿಂದ ಮಾಸ್ತರರ ಕೂಗು ಬಂತು: “ಜಲ್ದಿ ಬಿಡು ಲಾಲಮ್ಮ!” ಅವಳು ಪಟ್ಟಿಯಲ್ಲಿ ಹೆಸರಿನ ಮುಂದಿದ್ದ ಸಾಲು ನೋಡಿದಳು. ಕಾಯಿಲೆ: ಇಲ್ಲ. ಹತ್ತೂ ಮಂದಿಯದೂ ಇಲ್ಲ.

ಹತ್ತು ಕಯಾಕ್‌ಗಳು ಒಂದರ ಹಿಂದೊಂದು ನೀರಿಗಿಳಿದವು. ಮುಂದೆ ಮೋಟಾರ್ ದೋಣಿಯಲ್ಲಿ ಶಾಲೆಯ ದೋಣಿಗಾರ ಮೈನುದ್ದೀನ, ಎಲ್ಲರ ಹಿಂದೆ ತನ್ನ ಕಯಾಕಿನಲ್ಲಿ ಲಾಲಮ್ಮ. ಆಳದ ಗುರುತಿಗೆ ಬಿಟ್ಟಿದ್ದ ಹಳದಿ ತೇಲುಗುಂಡು ದಾಟಿದ ಮೇಲೆ ಗಾಳಿ ಇನ್ನೂ ಜೋರಾಯಿತು. ಸಾಲು ಚೆದುರಿತು. “ಎಡಕ್ಕ ಹುಟ್ಟು ಹಾಕ್ರಿ, ಎಡಕ್ಕ!” ಎಂದು ಕೂಗುತ್ತ ಲಾಲಮ್ಮ ಒಬ್ಬೊಬ್ಬರನ್ನೇ ಸಾಲಿಗೆ ತರುತ್ತಿದ್ದಳು.

ಮೋನಮ್ಮನ ಹುಟ್ಟು ನಿಂತಿತ್ತು.

“ಮೋನಮ್ಮ, ಯಾಕ್ ನಿಂತಿ?”

ಹುಡುಗಿ ತಿರುಗಲಿಲ್ಲ. ಮುಖ ಒಂದು ಕಡೆಗೆ ವಾಲಿತ್ತು. ಬಾಯಿ ಏನನ್ನೋ ಅಗಿಯುವಂತೆ ಆಡುತ್ತಿತ್ತು. ಆ ಗಳಿಗೆಯಲ್ಲಿ ಲಾಲಮ್ಮನಿಗೆ ದನಿಯ ನೆನಪಾಯಿತು. ಫೋನಿನಲ್ಲಿ ಕೇಳಿದ ದನಿ. ‘ನನಗ ಫಿಟ್ಸ್ ಅದ ಅಕ್ಕಾ, ಆದ್ರ...’ ಎಂದಿದ್ದ ದನಿ.

ಕಯಾಕ್ ಮಗುಚಿತು.

ಲಾಲಮ್ಮ ಮೂರು ಸಲ ಸೀಟಿ ಊದಿ ನೀರಿಗೆ ಹಾರಿದಳು. ಜಾಕೆಟ್ ಹುಡುಗಿಯನ್ನು ಮೇಲೆ ತಂದಿತ್ತು, ಆದರೆ ಮೈಯೆಲ್ಲ ಸೆಟೆದು ಅದುರುತ್ತ ಮುಖ ಮತ್ತೆ ಮತ್ತೆ ನೀರಿಗೆ ಹೋಗುತ್ತಿತ್ತು. ಲಾಲಮ್ಮ ಹಿಂದಿನಿಂದ ಹೋಗಿ, ಅವಳ ತಲೆಯನ್ನು ತನ್ನ ಹೆಗಲಿಗೆ ಆನಿಸಿ, ಗದ್ದ ಮೇಲೆತ್ತಿ ಹಿಡಿದಳು. ಅದುರುವ ಕೈಯೊಂದು ಅವಳ ತುಟಿಗೆ ಬಡಿದು ಬಾಯಲ್ಲಿ ರಕ್ತದ ರುಚಿ ಬಂತು. ಗಾಳಿ ಇಬ್ಬರನ್ನೂ ಕಟ್ಟೆಯ ಕಲ್ಲುಗಳ ಕಡೆಗೆ ತಳ್ಳುತ್ತಿತ್ತು.

ಮೈನುದ್ದೀನ ದೋಣಿ ತಿರುಗಿಸಿದ್ದ. ನಡುವೆ ಒಂಬತ್ತು ಕಯಾಕ್‌ಗಳು ಅಡ್ಡಾದಿಡ್ಡಿಯಾಗಿದ್ದವು. ಗಾಬರಿಯಲ್ಲಿ ಯಾರಿಗೂ ಯಾವ ಕಡೆ ಹೋಗಬೇಕೆಂದು ತಿಳಿಯಲಿಲ್ಲ. ಒಬ್ಬಳು ಅಳುತ್ತಿದ್ದಳು.

“ಎಲ್ರೂ ಅಲ್ಲಲ್ಲೇ ನಿಂದರ್ರಿ! ಒಬ್ಬರಿಗೊಬ್ಬರು ದೋಣಿ ಹಿಡ್ಕೋರ್ರಿ!” ಲಾಲಮ್ಮ ಕೂಗಿದಳು. ಒಂದು ಅಲೆ ಅವಳ ಬಾಯಿಗೇ ಹೊಡೆಯಿತು. “ಮೈನುದ್ದೀನ್ ಭಾಯಿ, ಎಂಜಿನ್ ಬಂದ್ ಮಾಡು! ಹತ್ರ ಬಂದ್ರ ಪಂಖಾ ಬಡೀತದ!”

ಎಂಜಿನ್ನಿನ ಸದ್ದು ನಿಂತಿತು. ಉಳಿದ ಇಪ್ಪತ್ತು ಅಡಿಯನ್ನು ಅವನು ಹುಟ್ಟು ಹಾಕಿಯೇ ಬಂದ. ಆ ಇಪ್ಪತ್ತು ಅಡಿ ಮುಗಿಯುವುದೇ ಇಲ್ಲವೇನೋ ಎನ್ನಿಸಿತು ಲಾಲಮ್ಮನಿಗೆ. ಅವಳ ಹಿಮ್ಮಡಿಗೆ ಕಲ್ಲು ತಾಗಿತ್ತು. ಹುಡುಗಿಯ ತುಟಿ ನೀಲಿಗಟ್ಟಿತ್ತು. “ಉಸಿರು ತಗೋ ಅವ್ವಾ, ಉಸಿರು ತಗೋ” ಎಂದು ಅವಳ ಕಿವಿಯಲ್ಲಿ ಹೇಳುತ್ತಲೇ ಇದ್ದಳು. ಕೇಳುವ ಸ್ಥಿತಿಯಲ್ಲಿ ಹುಡುಗಿ ಇಲ್ಲವೆಂದು ಗೊತ್ತಿದ್ದೂ.

ದೋಣಿಗೆ ಎಳೆದುಕೊಳ್ಳುವ ಹೊತ್ತಿಗೆ ಅದುರುವುದು ನಿಂತಿತ್ತು. ಪಕ್ಕಕ್ಕೆ ಮಲಗಿಸಿದಾಗ ಬಾಯಿಂದ ನೀರು ಹರಿಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ದೊಡ್ಡದೊಂದು ಉಸಿರು, ಕೆಮ್ಮು. ಮೈನುದ್ದೀನ “ಯಾ ಅಲ್ಲಾ” ಎಂದು ಕುಸಿದು ಕೂತವನು, ಕೂಡಲೇ ಎದ್ದು, ಉಳಿದವರನ್ನು ಹಗ್ಗಕ್ಕೆ ಕಟ್ಟಿ ದಂಡೆಗೆ ತಂದ.

ದಂಡೆಯಲ್ಲಿ ಜನ ಮುತ್ತಿಕೊಂಡರು. “ಕೈಯಾಗ ಕಬ್ಬಿಣ ಕೊಡ್ರಿ!” “ಕೀಲಿ ತರ್ರಿ!” “ಉಳ್ಳಾಗಡ್ಡಿ ಮೂಸಸ್ರಿ!”

“ಯಾರೂ ಏನೂ ಕೊಡಬ್ಯಾಡ್ರಿ! ಸರೀರಿ ಆಕಡಿ, ಗಾಳಿ ಬಿಡ್ರಿ!” ಲಾಲಮ್ಮನ ದನಿಗೆ ಜನ ಹಿಂದೆ ಸರಿದರು. ಮಾಸ್ತರರು ತಮ್ಮ ಕಾರಿನ ಬಾಗಿಲು ತೆರೆದು ನಿಂತಿದ್ದರು. ಕೀಲಿಯನ್ನು ಮೈನುದ್ದೀನನ ಕೈಗೆ ಕೊಟ್ಟರು. ಕಾರನ್ನು ಅವನೇ ಓಡಿಸಿದ.

ಯಾದಗಿರಿಯ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋನಮ್ಮನಿಗೆ ಪೂರ್ತಿ ಎಚ್ಚರ ಬಂತು. ಶ್ವಾಸಕೋಶಕ್ಕೆ ನೀರು ಹೆಚ್ಚು ಹೋಗಿಲ್ಲ, ಎರಡು ದಿನ ಇಟ್ಟು ನೋಡೋಣ ಎಂದರು ಡಾಕ್ಟರು. ಅವಳ ತಾಯಿ ಕರೆಮ್ಮ ದೋರನಹಳ್ಳಿಯಿಂದ ಬಂದಳು. ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವ ಹೆಂಗಸು. ಭಾನುವಾರ ಬಟ್ಟೆ ಒಗೆಯುತ್ತಿದ್ದವಳು ಒದ್ದೆ ಸೀರೆಯಲ್ಲೇ ಬಸ್ಸು ಹತ್ತಿದ್ದಳು. ಮಗಳನ್ನು ಮುಟ್ಟಿ ನೋಡಿ, ಆಮೇಲೆ ಲಾಲಮ್ಮನ ಕಡೆ ತಿರುಗಿದಳು.

“ಒಂದು ಮಾತು ಕೇಳಬಾರ್ದೇನವ್ವ? ನೀರಿಗಿ ಬಿಡೋರು ನೀವು! ಈ ಕೂಸಿಗಿ ಏನದ, ಏನಿಲ್ಲ ಅಂತ ಒಂದು ಮಾತು?”

ಹಾಸಿಗೆಯಿಂದ ಮೋನಮ್ಮ ನಿಧಾನವಾಗಿ ಹೇಳಿದಳು:

“ಅವರನ್ನ ಬೈಬ್ಯಾಡ ಯವ್ವಾ. ಫಾರ್ಮಿನ್ಯಾಗ ಕೇಳಿದ್ರು. ‘ಇಲ್ಲ’ ಅಂತ ಇತ್ತು, ನಾ ಹಂಗೇ ಬಿಟ್ಟೆ. ತಿಳಿದೇ ಬಿಟ್ಟೀನಿ.”

“ಯಾಕ?” ತಾಯಿಯೂ ಲಾಲಮ್ಮನೂ ಒಟ್ಟಿಗೇ ಕೇಳಿದರು.

“ಅಕ್ಕಾ, ನಾ ಮೊದಲು ಎರಡು ಸಲ ಫೋನ್ ಮಾಡಿದ್ದೆ. ಖರೇ ಹೇಳಿದ್ದೆ. ಫಿಟ್ಸ್ ಅಂದ ಕೂಡ್ಲೇ ಫೋನ್ ಇಟ್ರಿ. ಗುಳಿಗಿ ತಗೋತೀನಿ, ಎರಡು ವರ್ಷದಿಂದ ಒಂದೂ ಬಂದಿಲ್ಲ ಅಂತ ಹೇಳೋದಿತ್ತು. ಎರಡನೇ ಸಲನೂ ಅದನ್ನ ಕೇಳಲಿಲ್ಲ ನೀವು.” ಅವಳ ಕಣ್ಣಲ್ಲಿ ನೀರು ಬಂತು. “ಹತ್ತು ವರ್ಷದಾಕಿ ಇದ್ದಾಗಿಂದ ಎಲ್ಲಾದಕ್ಕೂ ಬ್ಯಾಡ. ಸೈಕಲ್ ಬ್ಯಾಡ, ಬಾವಿ ಬ್ಯಾಡ, ಟೂರ್ ಬ್ಯಾಡ. ಫಾರ್ಮ್ ನನಗ ಬ್ಯಾಡ ಅನ್ನಲಿಲ್ಲ. ನಸುಕಿನ ಬಸ್ಸು ತಪ್ತದಂತ ರಾತ್ರಿ ನಿದ್ದಿ ಬರಲಿಲ್ಲ. ಮಂಪರು ಬರ್ತದಂತ ಮುಂಜಾನಿ ಗುಳಿಗಿನೂ ತಗೊಂಡಿಲ್ಲ. ತಪ್ಪು ನಂದೇ.”

ಕರೆಮ್ಮ ಮಗಳ ಹಾಸಿಗೆಯ ಅಂಚಿಗೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆರು ವರ್ಷದಲ್ಲಿ ಹಾಗೆ ಎಷ್ಟು ಜನರ ಫೋನ್ ಇಟ್ಟಿದ್ದಳೋ ಲಾಲಮ್ಮನಿಗೇ ಲೆಕ್ಕವಿರಲಿಲ್ಲ. ಅವರನ್ನೆಲ್ಲ ಕಾಪಾಡಿದೆನೆಂದೇ ಅವಳು ತಿಳಿದಿದ್ದಳು.

ಹೊರಗೆ ಮಾಸ್ತರರು ಬೆಂಚಿನ ಮೇಲೆ ಕೂತಿದ್ದರು. ಒಂದೇ ದಿನಕ್ಕೆ ಮುದುಕರಾದಂತೆ ಕಂಡರು. “ನೀ ಹೇಳಿದ್ದು ಖರೇ ಆಯ್ತು. ನಾಳಿಗೇ ಅದನ್ನ ಬಂದ್ ಮಾಡಸ್ತೀನಿ. ಮತ್ತ ನಿನ್ನ ಫೋನೇ ಇರ್ಲಿ.”

ಮುಂಜಾನೆ ಈ ಮಾತು ಕೇಳಿದ್ದರೆ ಲಾಲಮ್ಮ ಹಿಗ್ಗುತ್ತಿದ್ದಳು.

“ಬ್ಯಾಡ್ರಿ ಮಾಸ್ತರ. ಆ ಖಾನಿ ಖಾಲಿ ಬಿಡೋದಿತ್ತು, ಅದು ನಿಮ್ಮ ತಪ್ಪು. ಖರೇ ಹೇಳಿದಾಕೀನ ನಾ ಹೊರಗ ಹಾಕಿದ್ದೆ, ಅದು ನಂದು. ಖರೇ ಹೇಳಿದ್ರ ಬಾಗಿಲು ಹಾಕ್ತಾರ ಅಂತ ಗೊತ್ತಾದ ಮ್ಯಾಲ ಯಾರ್ರಿ ಹೇಳ್ತಾರ, ಫೋನಾದ್ರೇನು, ಫಾರ್ಮಾದ್ರೇನು?”

ಒಂದು ತಿಂಗಳು ಶಾಲೆ ಮುಚ್ಚಿತ್ತು. ಲಾಲಮ್ಮ ವಾರಕ್ಕೆರಡು ಸಲ ಯಾದಗಿರಿಗೆ ಹೋಗಿ ರತ್ನಾಬಾಯಿಯ ಪಕ್ಕ ಕೂತು ಪ್ರಶ್ನೆಗಳನ್ನು ಹೊಸದಾಗಿ ಬರೆಸಿದಳು. ಈಗ ಯಾವ ಖಾನೆಗೂ ಮೊದಲೇ ಗುರುತಿರಲಿಲ್ಲ. ಉತ್ತರಿಸದೆ ಮುಂದೆ ಹೋಗಲು ಬರುತ್ತಿರಲಿಲ್ಲ. ‘ಹೌದು’ ಎಂದವರಿಗೆ ‘ನಿಮಗೆ ಜಾಗವಿಲ್ಲ’ ಎಂದು ಬರುತ್ತಿರಲಿಲ್ಲ, ‘ಲಾಲಮ್ಮ ನಿಮಗೆ ಫೋನ್ ಮಾಡುತ್ತಾಳೆ’ ಎಂದು ಬರುತ್ತಿತ್ತು. ತಂಡಕ್ಕೆ ಆರೇ ಮಂದಿ. ತಂಡಗಳ ನಡುವೆ ಅರ್ಧ ಗಂಟೆ ಬಿಡುವು, ದಂಡೆಯ ಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸಲು. ಶೆಡ್ಡಿನಲ್ಲಿ ತೂತು ಬಿದ್ದಿದ್ದ ಇಬ್ಬರು ಕೂರುವ ಕಯಾಕನ್ನು ಮೈನುದ್ದೀನ ರಿಪೇರಿ ಮಾಡಿದ.

ಮತ್ತೆ ತೆರೆದ ವಾರ ಬಂದವರು ಕಡಿಮೆ. ಆದರೆ ಐದು ಜನ ‘ಹೌದು’ ಎಂದು ಬರೆದಿದ್ದರು. ಲಾಲಮ್ಮ ಐವರಿಗೂ ಫೋನ್ ಮಾಡಿದಳು. ಇಬ್ಬರಿಗೆ ಬೇಡವೆಂದೇ ಹೇಳಬೇಕಾಯಿತು. ಆದರೆ ಅವರ ಮಾತು ಪೂರ್ತಿ ಕೇಳಿ, ಯಾಕೆಂದು ಬಿಡಿಸಿ ಹೇಳಿದಳು. ಒಬ್ಬ ಬೈದು ಫೋನ್ ಇಟ್ಟ.

ಮೋನಮ್ಮನಿಗೆ ಆರು ತಿಂಗಳು ನೀರಿನ ಹತ್ತಿರ ಹೋಗಕೂಡದೆಂದು ಡಾಕ್ಟರು ಹೇಳಿದ್ದರು. ಕೆರೆ ಬತ್ತುತ್ತ ಹೋಗಿ, ಮಳೆಗಾಲದಲ್ಲಿ ಮತ್ತೆ ತುಂಬಿತು. ಸೆಪ್ಟೆಂಬರಿನಲ್ಲಿ ಅವಳ ಫಾರ್ಮ್ ಬಂತು, ಜೊತೆಗೆ ಡಾಕ್ಟರ ಚೀಟಿ: ಒಬ್ಬಳೇ ಬೇಡ, ಪಕ್ಕದಲ್ಲಿ ತಿಳಿದವರಿರಬೇಕು. ಲಾಲಮ್ಮ ಡಾಕ್ಟರಿಗೂ ಫೋನ್ ಮಾಡಿ ಮಾತಾಡಿದಳು. ಆಮೇಲೆ ದೋರನಹಳ್ಳಿಗೆ ಮಾಡಿದಳು. ಎತ್ತಿದವಳು ಕರೆಮ್ಮ.

“ನಿಮಗ ಒಪ್ಪಿಗಿ ಅದೇನ್ರಿ?”

ತುಸು ಹೊತ್ತು ಮೌನ. ಲಾಲಮ್ಮ ಕಾದಳು.

“ನನಗ ಅಂಜಿಕಿ ಅದ” ಎಂದಳು ಕರೆಮ್ಮ. “ಒಪ್ಪಿಗಿ ಇಲ್ಲ ಅಂತಲ್ಲ. ಆಕಿ ಜೋಡಿ ನಾನೂ ಬರ್ತೀನಿ.”

ಆ ದಿನ ಗಾಳಿ ಇರಲಿಲ್ಲ. ನಿದ್ದೆ ಆಗಿದೆಯೇ, ಗುಳಿಗೆ ಆಗಿದೆಯೇ ಎಂದು ಕೇಳಿಯಾದ ಮೇಲೆ ಮೋನಮ್ಮ ಮುಂದೆ ಕೂತಳು, ಹಿಂದೆ ಲಾಲಮ್ಮ. ಹತ್ತು ಮಾರು ದೂರದಲ್ಲಿ ಮೈನುದ್ದೀನ ಹುಟ್ಟು ಹಾಕುತ್ತ ಜೊತೆಗೇ ಬಂದ. ಕರೆಮ್ಮ ದಂಡೆಯ ಮೇಲೆ ನೀರಿಗೆ ಬೆನ್ನು ಮಾಡಿ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಲಾಲಮ್ಮ ತಿರುಗಿ ನೋಡಿದಾಗ ಅವಳು ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ಇತ್ತಲೇ ನೋಡುತ್ತಿದ್ದಳು.

“ಎಡಗೈ ಜೋರ್ ಹಾಕು ಮೋನಮ್ಮ, ಇದ್ದಲ್ಲೇ ತಿರಗಾಕತ್ತೀವಿ.”

“ಹಾಕಾಕತ್ತೀನ್ರಿ ಅಕ್ಕಾ, ನೀವು ಬಲಗೈ ಸ್ವಲ್ಪ ಬಿಡ್ರಿ” ಎಂದಳು ಮೋನಮ್ಮ. ಲಾಲಮ್ಮ ಬಿಟ್ಟಳು. ದೋಣಿ ನೆಟ್ಟಗಾಗಿ ಮುಂದೆ ಸಾಗಿತು.