ಜನರ ಕಡೆ ಹಿಡಿದ ಮೈಕು

ವ್ಯಾನು ಹೊರಟಾಗಿನಿಂದ ಗುಡುಗಪ್ಪ ತುಟಿ ಪಿಟಕ್ಕೆಂದಿರಲಿಲ್ಲ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅಭಿಮಾನಿಗಳು ಕೊಟ್ಟದ್ದು. ಕತ್ತಿಗೆ ಮಫ್ಲರ್ ಸುತ್ತಿಕೊಂಡು, ಫ್ಲಾಸ್ಕಿನ ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತ ಕಿಟಕಿಯಾಚೆ ನೋಡುತ್ತಿದ್ದ. ಹೊಸ ಆಲ್ಬಂನೊಂದಿಗೆ ಊರೂರು ಸುತ್ತುವ ಪ್ರವಾಸದ ಮೊದಲ ಕಾರ್ಯಕ್ರಮಕ್ಕೆ ದನಿ ಉಳಿಸಿಕೊಳ್ಳುತ್ತಿದ್ದಾನೆಂದು ಉಳಿದವರು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ಉಳಿಸಿಕೊಳ್ಳಲು ದನಿ ಇದ್ದರೆ ತಾನೇ.

ನಾಲ್ಕು ಜನರ ಬ್ಯಾಂಡು ಅದು. ಗುಡುಗಪ್ಪನ ತಂಗಿ ಬೇಸ್ ಗಿಟಾರ್ ನುಡಿಸುತ್ತಾಳೆ, ಅವನು ಭಾವ ಎಂದು ಕರೆಯುವ ತಂಗಿಯ ಗಂಡ ಡ್ರಮ್ಸ್ ಬಾರಿಸುತ್ತಾನೆ, ಕಾಲೇಜಿನ ಗೆಳೆಯನೊಬ್ಬ ಗಿಟಾರಿಗೆ. ತಮ್ಮ ಸಂಗೀತವನ್ನು ಅವರು ಪೋಸ್ಟ್-ಹಾರ್ಡ್‌ಕೋರ್ ಎನ್ನುತ್ತಾರೆ. ಗೊತ್ತಿಲ್ಲದವರಿಗೆ ಹೇಳುವುದಾದರೆ ಅರ್ಧ ಹಾಡು, ಅರ್ಧ ಚೀರಾಟ. ಆದರೆ ಆ ಚೀರಾಟಕ್ಕೂ ತಾಳವಿದೆ, ಚೀರುವವನಿಗೆ ಮರ್ಯಾದೆಯಿದೆ. ಇಪ್ಪತ್ತು ವರ್ಷದಿಂದ ಆ ಕೆಲಸ ಗುಡುಗಪ್ಪನದು. ಉಳಿದವರ ಕೈಯಲ್ಲಿ ವಾದ್ಯವಿದೆ, ಅವನ ಬಳಿ ಗಂಟಲು ಬಿಟ್ಟರೆ ಬೇರೇನೂ ಇಲ್ಲ.

ಆ ಗಂಟಲು ಕೈಕೊಟ್ಟು ವರ್ಷಗಳಾಗಿದ್ದವು. ವೈದ್ಯೆ ಪರದೆಯ ಮೇಲೆ ಗಂಟಲೊಳಗಿನ ಗಂಟುಗಳನ್ನು ತೋರಿಸಿ, ಕೆಲವು ತಿಂಗಳು ಬಾಯಿಗೆ ಬೀಗ ಹಾಕಿಕೊಳ್ಳಿ, ಚೀರುವುದನ್ನಂತೂ ಮರೆತುಬಿಡಿ ಎಂದಿದ್ದಳು. ಇವನು ತಲೆಯಾಡಿಸಿ ಬಂದ, ಯಾರಿಗೂ ಹೇಳಲಿಲ್ಲ. ಹೇಳಿದರೆ ಬ್ಯಾಂಡಿನಲ್ಲಿ ತನಗೇನು ಕೆಲಸ? ಅದರ ಬದಲು ಒಂದು ಉಪಾಯ ಹುಡುಕಿಕೊಂಡ. ಕಷ್ಟದ ಜಾಗ ಬಂದಾಗ ಮೈಕನ್ನು ಜನರ ಕಡೆ ಚಾಚುವುದು. ಹಳೆಯ ಹಾಡುಗಳೆಲ್ಲ ಅವರಿಗೆ ಬಾಯಿಪಾಠ, ನೂರಾರು ಜನ ಒಟ್ಟಿಗೆ ಚೀರುವಾಗ ಇವನ ಬಾಯಿ ಸುಮ್ಮನಿದ್ದದ್ದು ಯಾರಿಗೆ ಗೊತ್ತಾಗಬೇಕು? ಕೇಳುಗರನ್ನು ಇಷ್ಟು ಹಚ್ಚಿಕೊಂಡ ಗಾಯಕ ಇನ್ನೊಬ್ಬನಿಲ್ಲವೆಂದು ಪತ್ರಿಕೆಯವರು ಬೇರೆ ಹೊಗಳಿ ಅಟ್ಟಕ್ಕೇರಿಸಿದರು. ಅದನ್ನು ಓದಿದ ದಿನ ಅವನಿಗೆ ಊಟ ಸೇರಲಿಲ್ಲ.

ಈಗ ಒಂಬತ್ತು ವರ್ಷದ ಮೇಲೆ ಹೊಸ ಆಲ್ಬಂ ಬಂದಿದೆ. ಅದರ ಮುಖ್ಯ ಹಾಡಿನ ನಡುವೆ ವಾದ್ಯಗಳೆಲ್ಲ ನಿಂತು ಉದ್ದನೆಯ ಒಂದು ಚೀರು ಮಾತ್ರ ಉಳಿಯುತ್ತದೆ, ಅದು ಮುಗಿದ ಮೇಲೆಯೇ ಡ್ರಮ್ಮಿಗೆ ಏಟು. ಸ್ಟುಡಿಯೋದಲ್ಲಿ ಉಳಿದವರು ಊಟಕ್ಕೆ ಹೋದಾಗ ಇವನು ಅದನ್ನು ತುಂಡು ತುಂಡಾಗಿ ಚೀರಿ, ರೆಕಾರ್ಡಿಂಗ್ ಮಾಡುವವನ ಕೈಕಾಲು ಹಿಡಿದು, ಒಂದೇ ಉಸಿರೆಂಬಂತೆ ಜೋಡಿಸಿಕೊಂಡಿದ್ದ. ಕೇಳಿ ಭಾವ ಬೆನ್ನು ತಟ್ಟಿದ. ತಂಗಿ ಹೆಡ್‌ಫೋನ್ ತೆಗೆದಿಟ್ಟು, ಚೆನ್ನಾಗಿದೆ ಎಂದಷ್ಟೇ ಹೇಳಿ ಎದ್ದುಹೋದಳು.

ಆಲ್ಬಂ ಹೊರಬಂದು ಎರಡೇ ದಿನ. ಈ ಹಾಡು ಇನ್ನೂ ಯಾರ ಬಾಯಿಗೂ ಬಂದಿಲ್ಲ. ಇವತ್ತು ಮೈಕು ಚಾಚಿದರೆ ಆ ಕಡೆಯಿಂದ ಏನೂ ಬರುವುದಿಲ್ಲ. ಇದೇ ಯೋಚನೆ ಹುಳುವಿನಂತೆ ಅವನನ್ನು ಕೊರೆಯುತ್ತಿತ್ತು.

ಧೈರ್ಯ ಮಾಡಿ, ಆ ಹಾಡನ್ನು ಇವತ್ತಿಗೆ ಬಿಡೋಣವೇ ಎಂದು ಕೇಳಿ ನೋಡಿದ. ಮದುಮಗನನ್ನು ಬಿಟ್ಟು ಮದುವೆ ಮಾಡೋಣ ಅಂದ ಹಾಗಾಯಿತು ಎಂದು ಗಿಟಾರಿನವನು ನಕ್ಕ. ಭಾವ ನಗಲಿಲ್ಲ. ಈ ಸಲ ಜನ ಹೊಸ ಹಾಡು ಒಪ್ಪದಿದ್ದರೆ ಅಂಗಡಿ ಮುಚ್ಚಿ ಮನೆಗೆ ಹೋಗುವುದೇ ವಾಸಿ ಎಂದ. ತಂಗಿ ಫ್ಲಾಸ್ಕನ್ನು ಅಲ್ಲಾಡಿಸಿ, ನೀರು ಮುಗಿದಿದೆ, ಮುಂದೆ ಎಲ್ಲಾದರೂ ತುಂಬಿಸೋಣ ಎಂದಳು.

ಸಭಾಂಗಣ ತಲುಪಿ, ಮೈಕು ಪರೀಕ್ಷಿಸುವ ಸೌಂಡ್ ಚೆಕ್‌ನಲ್ಲಿ ಅವನು ಒಂದು, ಎರಡು ಎಂದು ಗೊಣಗಿ ಕೆಳಗಿಳಿದ. ವೇದಿಕೆಯ ಹಿಂದಿನ ಕೋಣೆಯಲ್ಲಿ ಸ್ಪಂಜು ಕಿತ್ತುಬಂದ ಸೋಫಾ, ಮುಖ ಕಾಣದಷ್ಟು ಸ್ಟಿಕ್ಕರ್ ಅಂಟಿಸಿದ ಕನ್ನಡಿ. ಬಚ್ಚಲಿಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ನೀರಿನ ಸದ್ದಿನಲ್ಲಿ ಒಮ್ಮೆ ಚೀರಿ ನೋಡಿದ. ಪಂಕ್ಚರ್ ಆದ ಟ್ಯೂಬಿನಿಂದ ಗಾಳಿ ಹೋದಂತಾಯಿತು, ಅಷ್ಟೇ. ಅಳು ಬಂತು, ಮುಖ ತೊಳೆದುಕೊಂಡ.

ಹಳೆಯ ಹಾಡುಗಳು ಹೇಗೋ ದಡ ಸೇರಿದವು. ಅವನು ಮೈಕು ಚಾಚಿದಾಗಲೆಲ್ಲ ಸಭಾಂಗಣದ ಸೂರು ಕಿತ್ತುಹೋಗುವಂತೆ ಜನ ಚೀರಿದರು. ಆಮೇಲೆ ಆ ಹಾಡು ಶುರುವಾಯಿತು, ಆ ಜಾಗವೂ ಬಂತು. ವಾದ್ಯಗಳು ನಿಂತವು. ಗುಡುಗಪ್ಪ ಬಾಯಿ ತೆರೆದ. ಜೀವ ಬಾಯಿಗೆ ಬಂತು, ದನಿ ಬರಲಿಲ್ಲ. ಅಭ್ಯಾಸಬಲದಿಂದ ಕೈ ತಾನಾಗಿ ಮೈಕನ್ನು ಜನರ ಕಡೆ ಚಾಚಿತು. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಹಿಂದೆ ಭಾವ ಕೋಲುಗಳನ್ನೆತ್ತಿ ಹಿಡಿದು ಕಾಯುತ್ತಿದ್ದ. ಬಣ್ಣ ಬಯಲಾಯಿತು ಎಂದುಕೊಂಡ ಗುಡುಗಪ್ಪ. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಳ್ಳುವ ಶಕ್ತಿಯೂ ಅವನಿಗಿರಲಿಲ್ಲ.

ಆಗ ತಂಗಿ ತನ್ನ ಮೂಲೆ ಬಿಟ್ಟು ಬಂದಳು. ಇಪ್ಪತ್ತು ವರ್ಷದಲ್ಲಿ ವೇದಿಕೆಯ ಮೇಲೆ ಒಂದು ಸಾಲು ಹಾಡಿದವಳಲ್ಲ. ಹೆಗಲಲ್ಲಿ ಗಿಟಾರ್ ನೇತಾಡುತ್ತಿದ್ದಂತೆಯೇ ತುದಿಗಾಲಲ್ಲಿ ನಿಂತು, ಅಣ್ಣ ಹಿಡಿದಿದ್ದ ಮೈಕಿಗೆ ಬಾಯಿ ಕೊಟ್ಟು ಚೀರಿದಳು. ಒಂದೇ ಉಸಿರು, ಎಲ್ಲೂ ತುಂಡಾಗದೆ, ಕೊನೆಯವರೆಗೂ. ಡ್ರಮ್ಮಿಗೆ ಏಟು ಬಿತ್ತು. ಜನ ಹುಚ್ಚೆದ್ದು ಕುಣಿದರು.

ಕಾರ್ಯಕ್ರಮ ಮುಗಿದ ಮೇಲೆ ಭಾವ ಮತ್ತು ಗಿಟಾರಿನವನು, ಅಣ್ಣ ತಂಗಿ ಸೇರಿ ನಮಗೂ ಹೇಳದೆ ಎಂಥ ಆಟ ಕಟ್ಟಿದಿರಿ ಎಂದು ಖುಷಿಯಿಂದ ಬೈದು, ಸಾಮಾನು ಹೊರಲು ಹೋದರು. ಕೋಣೆಯಲ್ಲಿ ಇಬ್ಬರೇ ಉಳಿದರು. ಗುಡುಗಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಅದು ಒಂದು ದಿನದಲ್ಲಿ ಕಲಿಯುವ ಚೀರಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಯಾವಾಗಿಂದ ಕಲೀತಿದ್ದೀಯ?" ಎಂದು ಪಿಸುದನಿಯಲ್ಲಿ ಕೇಳಿದ.

"ನೀನು ಮೈಕು ಜನರ ಕಡೆ ಹಿಡಿಯೋಕೆ ಶುರುಮಾಡಿದಾಗಿಂದ," ಎಂದಳು ತಂಗಿ. "ಕಾರಲ್ಲಿ, ಕಿಟಕಿ ಮುಚ್ಕೊಂಡು."

"ನಂಗೆ ಒಂದು ಮಾತು ಹೇಳ್ಬಾರದಿತ್ತಾ?"

"ನೀನು ಹೇಳಿದ್ಯಾ?"

ಇಷ್ಟು ವರ್ಷ ಗುಡುಗಪ್ಪ ತಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡಿದ್ದ ಭಯವನ್ನು ಇವಳೂ ಬಾಯಿಬಿಡದೆ ಹೊತ್ತಿದ್ದಳು. ನಾಚಿಕೆಯಾಯಿತು, ಹೊಟ್ಟೆಕಿಚ್ಚೂ ಆಯಿತು. ಅವೆರಡಕ್ಕಿಂತ ದೊಡ್ಡದೊಂದು ನಿರಾಳ ಬಂದು ಅವನು ಅಲ್ಲೇ ಸೋಫಾದ ಮೇಲೆ ಕುಸಿದು ಕೂತ. ತಂಗಿಗೆ ಅದೆಲ್ಲ ನೋಡುವಷ್ಟು ತಾಳ್ಮೆಯಿರಲಿಲ್ಲ. ಗಿಟಾರನ್ನು ಪೆಟ್ಟಿಗೆಗೆ ಹಾಕುತ್ತ, ಬೆನ್ನು ತಿರುಗಿಸಿಯೇ ಹೇಳಿದಳು.

"ನಾಳೆ ಮೈಕು ಸ್ವಲ್ಪ ಕೆಳಗೆ ಹಿಡಿ ಅಣ್ಣ. ನಾನು ನಿನ್ನಷ್ಟು ಎತ್ತರ ಇಲ್ಲ."